ಆಪಿಯಾದ ಸೀನಾ

ಆಪಿಯಾ
೧೨ ಫೆಬ್ರವರಿ ೧೯೫೦

ಗಂಗಾಭಾಗೀರಥಿ ತಂಗಿ ಗೋದಾವರಿಗೆ ಅಣ್ಣ ಪ್ರಾಣೇಶನ ಆಶೀರ್ವಾದಗಳು.

ವಾಡಿ ಸ್ಟೇಷನ್ನಿನಾಗ ನಿನಗೂ ಸೀತಾ ಅತ್ಯಾಗೂ ಕೈ ಮಾಡಿ ಗಾಡಿ ಹತ್ತಿ ಹದಿನಾಲ್ಕು ತಿಂಗಳಾತು. ಮುಂಬಯಿಗೆ ಒಂದು ತಿಂಗಳ ಮಟ್ಟಿಗೆ ಹೋಗಿ ಬರ್ತೀನಂತ ಹೇಳಿದ್ದೆ. ನನ್ನ ಮ್ಯಾಲ ಸಿಟ್ಟಾಗಿದ್ರ ಅದು ನ್ಯಾಯ. ಮೊದಲು ಪೂರ್ತಿ ಓದು, ಆಮ್ಯಾಲ ಸಿಟ್ಟಾಗು.

ರಜಾಕಾರರ ಗದ್ದಲಕ್ಕ ಅಂಜಿ ನಾವು ಸೋಲಾಪುರಕ್ಕ ಹೋದದ್ದು, ಅಲ್ಲೇ ಅಪ್ಪ ಕಣ್ಣು ಮುಚ್ಚಿದ್ದು, ಎಲ್ಲಾ ಮುಗಿದ ಮ್ಯಾಲ ಸೇಡಮಿಗೆ ಬಂದು ಬೀಗ ತೆಗೆದದ್ದು ನಿನಗೇನು ಹೊಸಾದಲ್ಲ. ಆ ಮನ್ಯಾಗ ಅಪ್ಪನ ಕೋಲು ಗ್ವಾಡಿಗೆ ಹಂಗೇ ಆನಿಸಿತ್ತು. ಅದನ್ನ ಸರಿಸಲಿಕ್ಕೂ ನನಗ ಆಗಲಿಲ್ಲ, ನೋಡಲಿಕ್ಕೂ ಆಗಲಿಲ್ಲ. ಮುಂಬಯಿಯೊಳಗ ಹಡಗಿನ ಕಂಪನಿಯವರು ತಾರ್ ಕೆಲಸ ಬಲ್ಲವರು ಬೇಕಂದ್ರು. ವಾಡಿಯಾಗ ಆರು ವರ್ಷ ಕಟ್ಟ ಕಡ ಅಂತ ಬಡಿದ ಬೆರಳು ನನ್ನವು. ಹಡಗಿನ ವಾಯರಲೆಸ್ಸು ಕಲೀಲಿಕ್ಕೆ ಎರಡು ತಿಂಗಳು ಸಾಕಾತು. ಹಡಗು ಹತ್ತಿ ಫೀಜಿ ಮುಟ್ಟಿದಾಗ ಜ್ವರ ಬಂದು ದವಾಖಾನಿಯಾಗ ಮಲಗಿದೆ, ಹಡಗು ನನ್ನನ್ನ ಬಿಟ್ಟು ಹೋತು. ಆಪಿಯಾದ ವಾಯರಲೆಸ್ ಆಫೀಸಿನಾಗ ಒಂದು ಜಾಗಾ ಖಾಲಿ ಅದ ಅಂತ ಯಾರೋ ಹೇಳಿದ್ರು. ಬಂದೆ.

ಆಪಿಯಾ ಅಂದ್ರ ಸಾಮೋವಾ ದ್ವೀಪದ ರಾಜಧಾನಿ. ರಾಜಧಾನಿ ಅಂದಕೂಡ್ಲೇ ಹೈದರಾಬಾದು ನೆನಸಬ್ಯಾಡ. ಸಮುದ್ರದ ದಂಡಿಗುಂಟ ಒಂದೇ ರಸ್ತಾ. ರಸ್ತಾದ ಒಂದು ಕಡೆ ನೀರು, ಇನ್ನೊಂದು ಕಡೆ ಕಟ್ಟಿಗಿಯ ಅಂಗಡಿ, ಬಿಳೇ ಇಗರ್ಜಿ, ಕಚೇರಿ, ನಡುವ ಒಂದು ಗಡಿಯಾರದ ಗೋಪುರ. ಮೊದಲನೇ ದೊಡ್ಡ ಲಡಾಯಿಯೊಳಗ ಸತ್ತವರ ನೆನಪಿಗೆ ಕಟ್ಟಿಸಿದ್ದಂತ. ಊರಿನ ತುಂಬ ಒಣಗಿದ ಕೊಬ್ಬರಿ ವಾಸನಿ. ಈಗ ನ್ಯೂಜಿಲೆಂಡಿನವರ ಆಳಿಕಿ, ಮೊದಲು ಜರ್ಮನ್ನರದಿತ್ತು. ಇಲ್ಲಿಯವರ ಮನಿಗೆ ಗ್ವಾಡಿನೇ ಇಲ್ಲ. ಸುತ್ತ ಕಂಬ, ಮ್ಯಾಲ ಚಪ್ಪರ, ಮಳಿ ಬಂದ್ರ ತೆಂಗಿನ ಗರಿಯ ಚಾಪಿ ಇಳಿಬಿಡ್ತಾರ. ಉಣ್ಣೋದು, ಮಲಗೋದು, ಅಳೋದು ಎಲ್ಲಾ ಹಾದು ಹೋಗೋರಿಗೆ ಕಾಣ್ತದ. ಕಲ್ಲಿನ ಗ್ವಾಡಿಯ ಒಳಗ ಬೆಳೆದ ನನಗ ಮೊದಲ ವಾರ ತಲಿ ಎತ್ತಿ ನಡೀಲಿಕ್ಕೆ ನಾಚಿಕಿ ಬಂತು.

ಎರಡು ವರ್ಷದ ಕರಾರು ಮುಗಿದ ಕೂಡ್ಲೇ ಬರ್ತೀನಿ. ಅತ್ಯಾಗ ನಮಸ್ಕಾರ ಹೇಳು.

ಪ್ರಾಣೇಶ


ಸೇಡಮ್
೨೦ ಮೇ ೧೯೫೦

ತೀರ್ಥಸ್ವರೂಪ ಅಣ್ಣಗ ಗೋದಾವರಿ ಮಾಡುವ ನಮಸ್ಕಾರಗಳು.

ನಿನ್ನ ಪತ್ರ ಮುಟ್ಟಲಿಕ್ಕೆ ಮೂರು ತಿಂಗಳು ಹಿಡೀತು. ಟಪಾಲಿನ ಮಜೀದಸಾಬರು ಲಕೋಟೆ ತಿರುವಿ ತಿರುವಿ ನೋಡಿ, ಇಂಥಾ ಛಾಪಾ ನನ್ನ ಉಮರಿನಾಗ ನೋಡಿಲ್ಲ ತಾಯಿ ಅಂದ್ರು. ಅತ್ಯಾ ಓದಿಸಿಕೊಂಡು ಕೇಳಿ, ಸಮುದ್ರ ದಾಟಿದಾಂವಗ ಪ್ರಾಯಶ್ಚಿತ್ತ ಏನಂತ ಮಠದಾಗ ಕೇಳಿ ಬರ್ತೀನಂತ ಎದ್ದು ನಿಂತಳು. ಆಮ್ಯಾಲ ಜೀವಂತ ಅದಾನಲ್ಲ ಅಂತ ಅಲ್ಲೇ ಕೂತು ಅತ್ತಳು.

ಒಂದು ಮಾತು. ಲಕೋಟೆ ಮ್ಯಾಲ ಗಂಗಾಭಾಗೀರಥಿ ಅಂತ ಬರೀಬ್ಯಾಡ. ವಿಧವೆ ಅನ್ನೋದು ನನಗ ಗೊತ್ತದ, ಊರಿಗೂ ಗೊತ್ತದ, ಟಪಾಲಿನವರಿಗೆ ಮತ್ತೆ ಯಾಕ ಹೇಳಬೇಕು? ನನಗ ಒಂದು ನದೀ ಹೆಸರು ಸಾಕು.

ನಾ ಈಗ ಹೆಣ್ಣುಮಕ್ಕಳ ಶಾಲಿಯಾಗ ಟೀಚರ್ ಆಗೀನಿ. ಮೊದಲು ಎಲ್ಲಾ ಉರ್ದುದಾಗ ಕಲಿಸ್ತಿದ್ರಲ್ಲ, ಈಗ ಕನ್ನಡ ಬಂದದ, ಕನ್ನಡ ಓದಿದವರು ಸಿಗವಲ್ಲರು. ಶಾಲಿ ನಡಸೋ ಹೆಡ್ಡಬಾಯಿ ಶಹರಬಾನು ಆಪಾ ತಾವೇ ಮನಿಗೆ ಬಂದು ಅತ್ಯಾನ ಎದುರಿಗೆ ಕೂತು ಕೇಳಿದ್ರು. ಸಂಜಿಮುಂದ ನಾ ಆಪಾಗೆ ಅಕ್ಷರ ತಿದ್ದಿಸ್ತೀನಿ. ಐವತ್ತರ ಹತ್ತಿರ ವಯಸ್ಸು, ಸ್ಲೇಟು ಹಿಡಿದು ಕೂಡ್ತಾರ, ಭಾಳ ಬೇಗ ಕಲೀಲಿಕತ್ತಾರ.

ಶಾಲಿಯ ನಕಾಶಾದಾಗ ನಿನ್ನ ಊರು ಇಲ್ಲ. ಇರಬಹುದಾದ ಕಡೆ ನಾನೇ ಶಾಯಿಯಿಂದ ಒಂದು ಚುಕ್ಕಿ ಇಟ್ಟೀನಿ. ರಾಜಧಾನಿ ಅಂತ ಹೇಳಿದ್ದಕ್ಕ ಹುಡುಗಿಯರು, ನಮ್ಮ ಮಳಖೇಡಕ್ಕಿಂತ ದೊಡ್ಡದೇನು ಅಂತ ಕೇಳಿದ್ರು. ಮಳಖೇಡವೂ ಒಂದು ಕಾಲಕ್ಕ ರಾಜಧಾನಿ, ಈಗ ಅಲ್ಲಿ ಆಡು ಮೇಯ್ತಾವ. ನಿನ್ನ ಊರಿನ ಹಕೀಕತ್ತು ಪೂರಾ ಬರಿ, ಮಕ್ಕಳಿಗೆ ಹೇಳ್ತೀನಿ.

ಗೋದಾವರಿ


ಆಪಿಯಾ
೮ ಅಕ್ಟೋಬರ್ ೧೯೫೦

ತಂಗಿ ಗೋದಾವರಿಗೆ ಆಶೀರ್ವಾದಗಳು.

ನೀ ಟೀಚರ್ ಆದದ್ದು ಓದಿ ಆಫೀಸಿನಾಗ ಒಬ್ಬನೇ ನಕ್ಕೆ. ಅಪ್ಪ ನಿನ್ನ ತಲಿ ಬೋಳಿಸಲಿಕ್ಕೆ ಬಿಡದೇ ಎಲ್ಲಾರ ಕೂಡ ಜಗಳಾಡಿದ್ದು ನೆನಪಾತು.

ಮಕ್ಕಳಿಗೆ ಹೇಳು. ಅರವತ್ತು ವರ್ಷದ ಹಿಂದ ಈ ಬಂದರದ ಸಲುವಾಗಿ ಮೂರು ದೊಡ್ಡ ದೇಶದವರು ಹಲ್ಲು ಕಡಿದು ನಿಂತಿದ್ರು. ಜರ್ಮನ್ನರ ಮೂರು ಲಡಾಯಿ ಹಡಗು, ಅಮೆರಿಕದವರ ಮೂರು, ಇಂಗ್ಲಿಷರದೊಂದು. ಬಿರುಗಾಳಿ ಏಳೋದು ಎಲ್ಲಾರಿಗೂ ಗೊತ್ತಾತು. ಮೊದಲು ಜಾಗಾ ಬಿಟ್ಟವರು ಸೋತಂಗ ಅಂತ ಯಾರೂ ಅಲುಗಲಿಲ್ಲ. ಇಂಗ್ಲಿಷರದು ಹೆಂಗೋ ಹೊರಗ ಬಿತ್ತು, ಉಳಿದ ಆರೂ ಹಾಳಾದುವು. ಮುಳುಗೋವರನ್ನ ನೀರಿಗೆ ಜಿಗಿದು ಎಳೆದು ತಂದವರು ಇದೇ ಸಾಮೋವಾದವರು. ಒಂದು ಜರ್ಮನ್ ಹಡಗಿನ ಎಲುಬು ಇನ್ನೂ ಕಲ್ಲಿನ ಮ್ಯಾಲ ತುಕ್ಕು ಹಿಡಿದು ಬಿದ್ದದ. ನಾ ದಿನಾ ಆಫೀಸಿಗೆ ಹೋಗೋವಾಗ ನೋಡ್ತೀನಿ.

ಇನ್ನೊಂದು ಸಂಗತಿ ಮಕ್ಕಳಿಗೆ ಹೇಳೋದು ಬ್ಯಾಡ, ನಿನಗ ಬರೀತೀನಿ. ೧೯೧೮ರಾಗ ಆಕ್ಲಂಡಿನಿಂದ ಒಂದು ಹಡಗು ಬಂತು, ಅದರಾಗ ಜ್ವರದ ಮಂದಿ ಇದ್ರು. ತಡೀಲಿಲ್ಲ, ಇಳಿಸಿಕೊಂಡ್ರು. ಎರಡು ತಿಂಗಳೊಳಗ ಐದು ಮಂದಿಗೆ ಒಬ್ಬರಂತ ಸತ್ತರು. ಬಾಜೂ ಇರೋ ಅಮೆರಿಕದವರ ದ್ವೀಪದಾಗ ಹಡಗು ತಡೆದಿದ್ರು, ಅಲ್ಲಿ ಒಬ್ಬರೂ ಸಾಯಲಿಲ್ಲ. ಅಲ್ಲಿಂದ ಆಪಿಯಾಕ್ಕ ತಾರು ಬಂತಂತ, ನಮ್ಮಿಂದ ಏನಾದರೂ ಸಹಾಯ ಬೇಕೇನು ಅಂತ. ಇಲ್ಲಿಯ ಅಧಿಕಾರಿ ಜವಾಬು ಕೊಡಲಿಲ್ಲ. ಆಗ ಹದಿನಾಲ್ಕು ವರ್ಷದಾಕಿ ಇದ್ದ ಒಬ್ಬ ಹೆಣ್ಣುಮಗಳು ನನಗ ಇದನ್ನ ಹೇಳಿದಳು. ಆಕಿಯ ಮನ್ಯಾಗ ಒಂಬತ್ತು ಮಂದಿ ಇದ್ರು, ಆಕಿ ಉಳಿದಳು. ಗೋದಾ, ನಾ ಅದೇ ಕೆಲಸದಾಗ ಕೂಡಾಂವ. ಒಂದು ತಾರಿಗೆ ಜವಾಬು ಬರೀಲಿಕ್ಕೆ ಎಷ್ಟು ಹೊತ್ತು ಬೇಕು? ನಾಲ್ಕು ಮಿನಿಟು.

ಇಲ್ಲಿ ತ್ವಾಟದ ಕೂಲಿಗೆ ತಂದ ಚೀನಾದವರು ಅದಾರ. ಅವರು ಇಲ್ಲಿಯ ಹೆಣ್ಣುಮಕ್ಕಳನ್ನ ಲಗ್ನ ಆಗಬಾರದಂತ ಕಾಯಿದೆನೇ ಮಾಡ್ಯಾರ. ಕೂಡಿ ಬಾಳಿದವರನ್ನ, ಮಕ್ಕಳಾದವರನ್ನ ಸುದ್ದಾ ಹಡಗು ಹತ್ತಿಸಿ ಕಳಿಸ್ಯಾರ. ಮನುಷ್ಯ ಮನುಷ್ಯರ ನಡುವ ಇಂಥಾ ಗೆರಿ ಎಳಿಯೋ ಹಕ್ಕು ಇವರಿಗೆ ಯಾರು ಕೊಟ್ಟರೋ.

ಊಟದ ಚಿಂತಿ ಮಾಡಬ್ಯಾಡ. ಸೀನಾ ಅಂತ ಒಬ್ಬರ ಪರಿಚಯ ಆಗ್ಯಾದ. ಭಾಳ ಸಜ್ಜನರು. ನನ್ನ ಊಟ ಉಪಚಾರ ಎಲ್ಲಾ ಅವರೇ ನೋಡ್ತಾರ.

ಪ್ರಾಣೇಶ


ಸೇಡಮ್
೧೧ ಫೆಬ್ರವರಿ ೧೯೫೧

ತೀರ್ಥಸ್ವರೂಪ ಅಣ್ಣಗ ನಮಸ್ಕಾರಗಳು.

ಅಷ್ಟು ದೂರದಾಗೂ ನಮ್ಮವರೊಬ್ಬರು ಸಿಕ್ಕಾರಲ್ಲ, ನನ್ನ ಎದಿ ಮ್ಯಾಲಿನ ಕಲ್ಲು ಇಳಿದಂಗಾತು. ಸೀನಾ ಅಂದ್ರ ಶ್ರೀನಿವಾಸ ಇರಬೇಕು. ಯಾವ ಊರಿನವರು? ರಾಯಚೂರ ಕಡೆಯವರೋ, ಲಿಂಗಸೂರ ಕಡೆಯವರೋ? ಅತ್ಯಾ ಅಂತೂ, ವೈಷ್ಣವರೇ ಖರೆ, ಇಲ್ಲಂದ್ರ ನಮ್ಮ ಪ್ರಾಣೇಶ ಅವರ ಕೈಯಾಗ ಉಣ್ಣೋದಿಲ್ಲ ಅಂತ ನಿಶ್ಚಯ ಮಾಡ್ಯಾಳ. ಏಕಾದಶಿ ದಿನ ಇಬ್ಬರೂ ಕೂಡಿ ಉಪಾಸ ಮಾಡ್ರಿ ಅಂತ ಹೇಳ್ಯಾಳ.

ಹಡಗಿನ ಸಂಗತಿ ಮಕ್ಕಳಿಗೆ ಹೇಳಿದೆ. ಜ್ವರದ ಸಂಗತಿ ಹೇಳಲಿಲ್ಲ, ಆದ್ರ ನಾ ಮರೀಲಿಕ್ಕೆ ಆಗವಲ್ದು. ಆ ಹೆಣ್ಣುಮಗಳು ಒಬ್ಬಾಕಿನೇ ಉಳಿದು ಏನು ಮಾಡಿದಳು, ಯಾರ ಮನಿಗೆ ಹೋದಳು, ಕೇಳಿ ಬರಿ.

ನಿನ್ನ ಊರು ಈಗ ಛಾಪಿಸಿದ ಅಕ್ಷರದಾಗೂ ಸಿಕ್ಕದ. ಗಂಡುಮಕ್ಕಳ ಶಾಲಿಗೆ ಅಂಬಾರಾಯ ಅಂತ ಹೊಸಾ ಮಾಸ್ತರರು ಬಂದಾರ. ಚಿಂಚೋಳಿ ಕಡೆ ಚಿಮ್ಮನಚೋಡದವರು, ಲಿಂಗವಂತರು. ಅವರ ಹತ್ತಿರ ಇಂಗ್ಲಿಷ್ ಅಟ್ಲಾಸ್ ಅದ. ನನ್ನ ಶಾಯಿಯ ಚುಕ್ಕಿ ನೋಡಿ, ಬಾಯಿಯೋರೆ ನಿಮ್ಮ ಅಣ್ಣನವರನ್ನ ಎಂಟುನೂರು ಮೈಲಿ ದೂರ ಒಗೆದೀರಿ, ಪಾಪ ಮುಳುಗ್ಯಾರು ಅಂದ್ರು. ನಗೋದು ಮರೆತಿದ್ದೆ, ಅವತ್ತು ನಕ್ಕೆ.

ಕರಾರು ಮುಗೀಲಿಕ್ಕೆ ಬಂತಲ್ಲ? ಯಾವ ತಿಂಗಳು ಬರ್ತೀ?

ಗೋದಾವರಿ


ಆಪಿಯಾ
೨೬ ಆಗಸ್ಟ್ ೧೯೫೧

ತಂಗಿ ಗೋದಾವರಿಗೆ ಆಶೀರ್ವಾದಗಳು.

ಪತ್ರ ತಡಾ ಆತು. ಇಲ್ಲಿ ಸ್ವಲ್ಪ ಗಡಿಬಿಡಿ. ಕರಾರು ಇನ್ನೂ ಮೂರು ವರ್ಷ ಮುಂದ ಹಾಕೀನಿ, ಆಫೀಸಿನವರು ಬಿಡಲಿಲ್ಲ.

ಇವತ್ತು ಆಯ್ತವಾರ. ಊರೆಲ್ಲಾ ಬಿಳೇ ಅರಿವಿ ಹಾಕಿಕೊಂಡು ಪ್ರಾರ್ಥನಾಕ್ಕ ಹೋಗ್ಯಾದ. ರಸ್ತಾದಾಗ ನಾಯಿ ಸುದ್ದಾ ಇಲ್ಲ. ದಿನಾ ಸಂಜಿಗೂ ಹಂಗೇ, ಶಂಖ ಊದ್ತಾರ, ಮನಿಮನಿಯವರು ಕೂತು ಹಾಡ್ತಾರ, ಆ ಹೊತ್ತಿಗೆ ಯಾರೂ ರಸ್ತಾ ಮ್ಯಾಲ ನಡೀಬಾರದು. ಬಂದ ಹೊಸದಾಗ ನನಗ ಗೊತ್ತಿರಲಿಲ್ಲ, ಒಬ್ಬನೇ ನಡೀಲಿಕತ್ತಿದ್ದೆ. ಮುದುಕನೊಬ್ಬ ಕೈ ಹಿಡಿದು ಒಳಗ ಕೂಡಿಸಿದ. ಅವರ ಹಾಡು ಮುಗಿಯೋ ತನಕ ಕೂತಿದ್ದೆ. ಅವತ್ತಿನಷ್ಟು ಒಂಟಿ ಅನಿಸಿದ್ದು ಮತ್ತೆಂದೂ ಇಲ್ಲ.

ಸೀನಾ ಅವರು ಆರಾಮ ಅದಾರ. ನಿನ್ನನ್ನ, ಅತ್ಯಾನ್ನ ಕೇಳ್ತಾರ.

ಅಟ್ಲಾಸಿನ ಮಾಸ್ತರರಿಗೆ ನನ್ನ ನಮಸ್ಕಾರ. ನಾ ಮುಳುಗಿಲ್ಲಂತ ಹೇಳು.

ಪ್ರಾಣೇಶ


ಸೇಡಮ್
೨೮ ಜನವರಿ ೧೯೫೨

ತೀರ್ಥಸ್ವರೂಪ ಅಣ್ಣಗ ನಮಸ್ಕಾರಗಳು.

ನಿನ್ನ ಪತ್ರ ಭಾಳ ಸಣ್ಣದಿತ್ತು. ಗಡಿಬಿಡಿ ಅಂದಿದ್ದೀ, ಮೈಯಾಗ ಆರಾಮಿಲ್ಲೇನೋ ಅಂತ ಅತ್ಯಾ ಮಳಖೇಡಕ್ಕ ಹೋಗಿ ಗುರುಗಳ ವೃಂದಾವನಕ್ಕ ಸುತ್ತು ಹಾಕಿ ಬಂದಳು. ಆರಾಮಿಲ್ಲಂದ್ರ ಮುಚ್ಚಿಡಬ್ಯಾಡ. ಸೀನಾ ಅವರಿಗಾದರೂ ನಾಲ್ಕು ಅಕ್ಷರ ಬರೀಲಿಕ್ಕೆ ಹೇಳು.

ಈ ಪತ್ರ ಮೂರು ಸಲ ಬರೆದು ಹರಿದೀನಿ. ನೇರ ಬರೀತೀನಿ. ಅಂಬಾರಾಯ ಮಾಸ್ತರರು ನನ್ನ ಲಗ್ನ ಆಗ್ತೀನಿ ಅಂತ ಕೇಳ್ಯಾರ.

ಶಾಲಿಯ ಪಡಸಾಲಿಯಾಗ, ಶಹರಬಾನು ಆಪಾನ ಎದುರಿಗೆ ಕೇಳಿದ್ರು. ಮರೆಯೊಳಗ ಅಲ್ಲ. ನನಗ ಕೊಟ್ಟಿದ್ದ ಅಟ್ಲಾಸ್ ವಾಪಸ್ ಒಯ್ಯಲಿಕ್ಕೆ ಬಂದಿದ್ರು. "ಬಾಯಿಯೋರೆ, ನಾ ಸುತ್ತು ಹಾಕಿ ಮಾತಾಡಾಂವ ಅಲ್ಲ. ನಿಮಗ ಒಪ್ಪಿಗಿ ಇದ್ರ ನಾವು ಲಗ್ನ ಆಗೋಣ. ಇಲ್ಲಂದ್ರ ಅಟ್ಲಾಸ್ ನಿಮ್ಮ ಹತ್ತಿರನೇ ಇರಲಿ" ಅಂದ್ರು. ನಾ ಹದಿನಾರಕ್ಕ ಗಂಡನ್ನ ಕಳಕೊಂಡಾಕಿ, ನಮ್ಮದು ಬ್ಯಾರೆ ನಿಮ್ಮದು ಬ್ಯಾರೆ, ಇದನ್ನೆಲ್ಲಾ ವಿಚಾರ ಮಾಡೀರೇನು ಅಂದೆ. ಒಂದು ವರ್ಷದಿಂದ ಅದನ್ನೇ ಮಾಡೀನಿ ಅಂದ್ರು. ಊರಾಗ ತಾಯಿ ಶರಣಬಸಮ್ಮನವರಿಗೂ ಹೇಳ್ಯಾರಂತ. ಆಕಿ ಹುಡುಗಿಗೆ ರೊಟ್ಟಿ ಬಡೀಲಿಕ್ಕೆ ಬರ್ತದೇನು ಅಂತ ಅದೊಂದೇ ಕೇಳಿದ್ರಂತ.

ಅತ್ಯಾಗ ಇನ್ನೂ ಗೊತ್ತಿಲ್ಲ. ಆಕಿ ನನ್ನ ಮಾತು ತಡೆಯಾಕಿ ಅಲ್ಲ, ನಿನ್ನ ಮಾತು ಮೀರಾಕಿ ಅಲ್ಲ. ನೀ ಹೂಂ ಅಂದ್ರ ಎರಡು ದಿನ ಅಳ್ತಾಳ, ಮೂರನೇ ದಿನ ಒಪ್ತಾಳ. ಗುಲಬರ್ಗಾಕ್ಕ ಹೋಗಿ ನಾಲ್ಕು ಮಂದಿಯ ಎದುರಿಗೆ ಮಾಲಿ ಹಾಕಿಕೊಳ್ಳೋದು. ಸ್ವಜಾತಿಯವರು ನಾಲ್ಕು ದಿನ ಆಡಿಕೊಳ್ತಾರ.

ನನಗ ಇಪ್ಪತ್ನಾಲ್ಕು ವರ್ಷ ಅಣ್ಣಾ. ಶಾಲಿ ಬಿಟ್ಟ ಮ್ಯಾಲ ಮನಿಗೆ ಬಂದು ಕೈಕಾಲು ತೊಳಕೊಂಡು ಕೂತರ ಮುಂದ ಏನೂ ಇರೋದಿಲ್ಲ. ಚೀನಾದವರ ಕಾಯಿದೆಗೆ ನೀ ಎಷ್ಟು ಸಿಟ್ಟಾಗಿದ್ದೀ ಅಂತ ಓದಿದ ಮ್ಯಾಲೇ ನಿನಗ ಬರೀಲಿಕ್ಕೆ ಧೈರ್ಯ ಬಂತು.

ಬ್ಯಾಸಗಿ ಸೂಟಿ ಮುಗಿಯೋ ತನಕ ಕಾಯ್ತಾರಂತ. ವಿಮಾನದ ಟಪಾಲಿಗೆ ಹಾಕು.

ಗೋದಾವರಿ


ಆಪಿಯಾ
೩ ಮೇ ೧೯೫೨

ಗಂಗಾಭಾಗೀರಥಿ ಗೋದಾವರಿಬಾಯಿಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಈ ಸಂಬಂಧಕ್ಕ ನನ್ನ ಒಪ್ಪಿಗಿ ಇಲ್ಲ.

ನಮ್ಮ ಮನೆತನ ಎಂಥಾದ್ದು ಅಂತ ನಿನಗ ಹೇಳಿ ಕೊಡಬೇಕಾಗಿಲ್ಲ. ಅಪ್ಪ ಇಲ್ಲ, ನಾ ಊರಾಗಿಲ್ಲ. ನಾಳೆ ಮಂದಿ ನಿನ್ನ ಹೆಸರು ಹಿಡಿದು ನನ್ನನ್ನ ಕೇಳ್ತಾರ, ನನ್ನ ಹೆಸರು ಹಿಡಿದು ಅಪ್ಪನ್ನ ಬೈತಾರ. ಮಾಸ್ತರರು ಒಳ್ಳೆಯವರೇ ಇರಬಹುದು. ಒಳ್ಳೆಯವರಿದ್ರ ಅವರೇ ದೂರ ಸರೀಬೇಕು.

ಅತ್ಯಾಗ ಈ ಸುದ್ದಿ ಹೇಳಬ್ಯಾಡ. ನೌಕರಿ ಬೇಕಂದ್ರ ಮಾಡು, ಅಷ್ಟಕ್ಕ ನನ್ನ ಅಡ್ಡಿ ಇಲ್ಲ. ಇದೇ ಕಡೀ ಮಾತು.

ಪ್ರಾಣೇಶ


ಸೇಡಮ್
೩೦ ಜೂನ್ ೧೯೫೨

ತೀರ್ಥಸ್ವರೂಪ ಅಣ್ಣಗ ನಮಸ್ಕಾರಗಳು.

ಪತ್ರ ಬಂತು. ನಿನ್ನ ಮಾತು ಮಾಸ್ತರರಿಗೆ ತಿಳಿಸೀನಿ. ಅವರು ಚಿಂಚೋಳಿಗೆ ಬದಲಿ ಮಾಡಿಸಿಕೊಂಡು ಹೋದ್ರು. ಅತ್ಯಾಗ ಏನೂ ಗೊತ್ತಿಲ್ಲ. ಮಳಿ ಬಂದದ.

ಗೋದಾವರಿ


ಆಪಿಯಾ
೧೯ ಜುಲೈ ೧೯೫೩

ತಂಗಿ ಗೋದಾವರಿಗೆ ಅನೇಕ ಆಶೀರ್ವಾದಗಳು.

ಹೋದ ಜೂನಿನ ಮ್ಯಾಲ ನಾ ಹಾಕಿದ ನಾಲ್ಕನೇ ಪತ್ರ ಇದು. ಒಂದಕ್ಕೂ ಜವಾಬಿಲ್ಲ. ಟಪಾಲು ತಪ್ಪಿರಬೇಕಂತ ಮೊದಲು ಅನಕೊಂಡೆ. ಈಗ ಹಂಗ ಅನಸವಲ್ದು.

ದಿನಾ ಕಿವಿಗೆ ಯಂತ್ರ ಹಾಕಿಕೊಂಡು ಕೂಡ್ತೀನಿ. ಫೀಜಿಯ ಸುವಾ, ಆಕ್ಲಂಡ್, ಹಾದು ಹೋಗೋ ಕೊಬ್ಬರಿ ಹಡಗು, ಎಲ್ಲಾ ಮಾತಾಡ್ತಾವ. ಸೇಡಮ್ ಒಂದು ಮಾತಾಡೋದಿಲ್ಲ. ನಾ ಏನೋ ಬರೀಬೇಕಂತ ಕೂಡ್ತೀನಿ, ಊರಿನ ಸುದ್ದಿ ಬರೆದು ಏಳ್ತೀನಿ. ಇವತ್ತೂ ಹಂಗೇ. ಬಂದರದಾಗ ಹೊಸಾ ಗ್ವಾಡಿ ಕಟ್ಟೋ ಮಾತು ನಡದದ. ತಮ್ಮ ರಾಜ್ಯ ತಮಗ ಬೇಕಂತ ಇಲ್ಲಿಯವರು ಕೇಳಲಿಕತ್ತಾರ. ಇಪ್ಪತ್ನಾಲ್ಕು ವರ್ಷದ ಹಿಂದ ಅದನ್ನೇ ಕೇಳಿ ಇದೇ ರಸ್ತಾದಾಗ ಮೆರವಣಿಗಿ ಹೋದವರ ಮ್ಯಾಲ ಗುಂಡು ಹಾರಿಸಿದ್ರಂತ.

ಅತ್ಯಾ ಹೆಂಗದಾಳ? ಒಂದು ಕಾರ್ಡು ಹಾಕು.

ಪ್ರಾಣೇಶ


ಸೇಡಮ್
೭ ಮಾರ್ಚ್ ೧೯೫೪

ಅಣ್ಣಗ ನಮಸ್ಕಾರಗಳು.

ಸೀತಾ ಅತ್ಯಾ ಮಾಘ ಬಹುಳದಾಗ ತೀರಿಕೊಂಡಳು. ಮೂರು ದಿನ ಜ್ವರ, ಅಷ್ಟೇ. ಕ್ರಿಯಾಕರ್ಮ ಮಠದ ಆಚಾರ್ಯರು ಮಾಡಿಸಿದ್ರು. ಕಡೀ ದಿನ ನಿನ್ನ ಹೆಸರು ಎರಡು ಸಲ ತಗೊಂಡಳು. ಪ್ರಾಣೇಶನ ಊಟ ಸೀನಾ ನೋಡ್ತಾನ, ಚಿಂತಿಲ್ಲ ಅಂದಳು.

ದೊಡ್ಡ ಮನಿ ಬಾಡಿಗಿ ಕೊಟ್ಟು, ನಾ ಹಿಂದಿನ ಎರಡು ಖೋಲಿಯಾಗ ಅದೀನಿ. ಅಂಬಾರಾಯ ಮಾಸ್ತರರ ಲಗ್ನ ಹೋದ ವೈಶಾಖದಾಗ ಆತಂತ. ಶಹರಬಾನು ಆಪಾ ಹೇಳಿದ್ರು.

ಗೋದಾವರಿ


ಆಪಿಯಾ
೨೦ ನವೆಂಬರ್ ೧೯೫೫

ಗೋದಾ,

ಒಂದೂವರೆ ವರ್ಷದಿಂದ ಈ ಪತ್ರ ನನ್ನ ತಲಿಯಾಗ ಅದ. ಅತ್ಯಾನ ಮಾತು ನೀ ಬರೆದಿದ್ದು ಓದಿದ ದಿನದಿಂದ.

ಸೀನಾ ಗಂಡಸಲ್ಲ. ಶ್ರೀನಿವಾಸನೂ ಅಲ್ಲ. ಇಲ್ಲಿಯ ಹೆಣ್ಣುಮಕ್ಕಳಿಗೆ ಇಡೋ ಹೆಸರು ಅದು. ಆಕಿ ನನ್ನ ಹೆಂಡತಿ. ಐವತ್ತೊಂದರ ಜನವರಿಯಾಗ ಅವರ ಇಗರ್ಜಿಯಾಗ ನಮ್ಮ ಲಗ್ನ ಆತು. ಜ್ವರದ ವರ್ಷ ಒಂಬತ್ತು ಮಂದಿಯಾಗ ಒಬ್ಬಾಕಿ ಉಳಿದಳು ಅಂತ ಬರೆದಿದ್ನಲ್ಲ, ಆಕಿ ಸೀನಾನ ತಾಯಿ. ನಾನು 'ಅವರು' ಅಂತ ಬರೆದೆ, ನೀ ಗಂಡಸಂತ ತಿಳಕೊಂಡಿ. ತಿಳಕೊಳ್ಳಲಿ ಅಂತನೇ ಬಿಟ್ಟೆ.

ಅದೇ ವರ್ಷ ನವೆಂಬರದಾಗ ಮಗಳು ಹುಟ್ಟಿದಳು. ಲೂಪೆ ಅಂತ ಹೆಸರು, ಇಲ್ಲಿ ಪಾರಿವಾಳಕ್ಕ ಹಂಗ ಅಂತಾರ. ಮಾಸ್ತರರ ಸಲುವಾಗಿ ನೀ ಬರೆದ ಪತ್ರ ಬಂದಾಗ ಐದು ತಿಂಗಳ ಕೂಸು ನನ್ನ ತೊಡೀ ಮ್ಯಾಲಿತ್ತು. ಓದಿ ಅಂಜಿದೆ. ನಿನಗ ಹೂಂ ಅಂದ್ರ ಊರವರು, ಅಣ್ಣ ಹೆಂಗದಾನ, ಯಾರ ಕೂಡ ಅದಾನ ಅಂತ ಹುಡುಕ್ತಾರ ಅನಿಸ್ತು. ನಿನ್ನ ಮರ್ಯಾದಿ ಕಾಯಲಿಕ್ಕೆ ಬರೆದ ಪತ್ರ ಅಲ್ಲ ಅದು. ನಾ ಅಡಗಿಕೊಳ್ಳಲಿಕ್ಕೆ ಬರೆದದ್ದು. ಸೀನಾ ಏನು ಬರೆದಿ ಅಂತ ಕೇಳಿದಳು. ತಂಗಿಗೆ ಆಶೀರ್ವಾದ ಬರೆದೆ ಅಂದೆ.

ಸೀನಾ ಹೋದ ಸಪ್ಟೆಂಬರದಾಗ ಕ್ಷಯ ಆಗಿ ತೀರಿಕೊಂಡಳು. ಇಪ್ಪತ್ತೊಂಬತ್ತು ವರ್ಷ. ಅವರ ಪದ್ಧತಿಯಂತೆ ಮನಿಯ ಅಂಗಳದಾಗೇ ಮಣ್ಣು ಮಾಡ್ಯಾರ. ಸಂಜಿಗೆ ಲೂಪೆ ಆ ಗೋರಿಯ ಕಟ್ಟಿ ಮ್ಯಾಲೇ ಕೂತು ಆಡ್ತಾಳ. ನಾ ನೋಡಲಾರೆ.

ನಾ ಒಂದು ವಿಚಾರ ಮಾಡೀನಿ. ಕೆಲಸ ಬಿಟ್ಟು ಲೂಪೆನ್ನ ಕರಕೊಂಡು ಸೇಡಮಿಗೆ ಬರ್ತೀನಿ. ವಾಡಿಯಾಗ ಏನಾದರೂ ಕೆಲಸ ಸಿಕ್ಕೀತು. ಲೂಪೆ ನಿನ್ನ ಹತ್ತಿರ ಬೆಳೀಲಿ. ಊರವರಿಗೆ, ಸತ್ತ ಸ್ನೇಹಿತನ ಮಗಳು, ಅನಾಥ ಕೂಸು, ತಂದೀನಿ ಅಂತ ಹೇಳೋಣ. ಶ್ರೀನಿವಾಸನ ಮಗಳು ಅಂದ್ರ ಯಾರೂ ಮುಂದ ಕೇಳೋದಿಲ್ಲ. ಹೆಸರು ಬದಲ ಮಾಡಿದ್ರಾತು. ಸೀನಾನ ತಾಯಿ ಕೂಸನ್ನ ಕೊಡೋದಿಲ್ಲ ಅಂತಾಳ. ಆದ್ರ ಅಪ್ಪ ನಾನು.

ನಿನಗೂ ಒಂದು ಜೀವ ಜೊತಿಗೆ ಆಗ್ತದ. ನಾ ಕಸಗೊಂಡದ್ದಕ್ಕ ಇದು ಬದಲಿ ಅಲ್ಲ, ಗೊತ್ತದ. ಏನು ಹೇಳ್ತೀ ಬರಿ.

ಪ್ರಾಣೇಶ


ಸೇಡಮ್
೧೮ ಮಾರ್ಚ್ ೧೯೫೬

ಅಣ್ಣಾ,

ನಿನ್ನ ಪತ್ರ ಬಂದ ದಿನ ಶಾಲಿಗೆ ಹೋಗಲಿಲ್ಲ. ಶಹರಬಾನು ಆಪಾ ನೋಡಿಕೊಂಡು ಹೋಗಲಿಕ್ಕೆ ಬಂದ್ರು. ಪತ್ರ ಅವರ ಕೈಯಾಗ ಕೊಟ್ಟೆ. ನಾ ಕಲಿಸಿದ ಅಕ್ಷರದಾಗೇ ಅವರು ಪೂರಾ ಓದಿದ್ರು. ಓದಿ, ನನ್ನ ಒಲಿ ಹಚ್ಚಿ ಚಹಾ ಇಟ್ಟರು.

ಸೀನಾ ಹೋದದ್ದಕ್ಕ ನನಗ ಭಾಳ ದುಃಖ ಆತು. ಆಕಿಗೆ ನಾ ಒಂದು ಅಕ್ಷರ ಬರೀಲಿಲ್ಲ. ಬರೀಲಿಕ್ಕೆ ನೀ ಬಿಡಲಿಲ್ಲ. ನಿನಗ ಸಜ್ಜನರು ಒಬ್ಬರು ಸಿಕ್ಕಾರಂತ ಐದು ವರ್ಷ ಮನಸಿನಾಗ ನಾ ಯಾರಿಗೆ ನಮಸ್ಕಾರ ಮಾಡಿದ್ನೋ, ಆಕಿಗೇ ಮಾಡಿದ್ದು ಅಂತ ತಿಳಕೊಳ್ತೀನಿ.

ಒಂದು ಸಂಗತಿ ನಾನೂ ನಿನಗ ಬರೆದಿದ್ದಿಲ್ಲ. ನೀ ಬ್ಯಾಡಂದದ್ದನ್ನ ಮಾಸ್ತರರಿಗೆ ಹೇಳಿದ ದಿನ ಅವರು ತಲಿ ತಗ್ಗಿಸಿಕೊಂಡು ಹೋಗಲಿಲ್ಲ. "ಅಣ್ಣನವರ ಮಾತು ಕೇಳಿದೆ. ನಿಮ್ಮ ಮಾತು ಏನು?" ಅಂದ್ರು. ಅವರು ಭಾಳ ಹೊತ್ತು ಕಾಯ್ದರು. ಆಪಾ ಸುದ್ದಾ, ಮಾತಾಡು ಗೋದಾವರಿ ಅಂದ್ರು. ನನ್ನ ಬಾಯಾಗ ಒಂದು ಮಾತು ಹುಟ್ಟಲಿಲ್ಲ. ಯಾಕಂದ್ರ ನನ್ನ ಮಾತು ಏನಂತ ಅಲ್ಲೀ ತನಕ ಯಾರೂ ಕೇಳಿದ್ದಿಲ್ಲ. ಒಂಬತ್ತು ವರ್ಷಕ್ಕ ಲಗ್ನ ಮಾಡೋವಾಗ ಕೇಳಲಿಲ್ಲ. ಗಂಡ ಸತ್ತಾಗ ಕೇಳಲಿಲ್ಲ. ನೀ ಗಾಡಿ ಹತ್ತೋವಾಗ ಕೇಳಲಿಲ್ಲ. ತಪ್ಪು ನಿನ್ನದೊಂದೇ ಅಂತ ನಾ ಅನ್ನೋದಿಲ್ಲ. ಆ ದಿನ ಮಾತಾಡಬೇಕಾದಾಕಿ ನಾನು.

ಈಗ ನಿನ್ನ ಪ್ರಶ್ನೆ. ಸ್ನೇಹಿತನ ಮಗಳು ಅನ್ನೋ ಮಾತಿಗೆ ನಾ ಒಪ್ಪೋದಿಲ್ಲ. ಬರೋದಾದ್ರ ನಿನ್ನ ಮಗಳಾಗಿ, ಲೂಪೆ ಅನ್ನೋ ಹೆಸರಿನಿಂದನೇ ಬರಲಿ. ಊರು ಏನನ್ನಬೇಕೋ ಅನ್ನಲಿ, ನಾ ಕೈ ಹಿಡಿದು ಶಾಲಿ ಮುಂದಿನ ಹಾದಿಗುಂಟನೇ ಕರಕೊಂಡು ಹೋಗ್ತೀನಿ. ಆದ್ರ ನನ್ನ ಒಂಟಿತನ ತುಂಬಲಿಕ್ಕೆ ಅಂತ ಆ ಕೂಸನ್ನ ಅಜ್ಜಿಯ ಮಡಿಲಿನಿಂದ ಎಬ್ಬಿಸಿ ತರಬ್ಯಾಡ. ಆ ಮುದುಕಿ ಒಮ್ಮೆ ಎಲ್ಲಾರನ್ನೂ ಕಳಕೊಂಡಾಕಿ.

ನೀನೂ ನಾನೂ ಕೂತು ಆಕಿಯ ಹಣೇಬರಹ ಟಪಾಲಿನಾಗ ಬರಿಯೋದು ಬ್ಯಾಡ. ಮೊದಲು ಆಕಿನ್ನ ಕೇಳು. ನಾಲ್ಕು ವರ್ಷದ ಕೂಸಿಗೆ ಏನು ತಿಳೀತದ ಅನ್ನಬ್ಯಾಡ. ಕೇಳಿದ್ರು ಅನ್ನೋದು ತಿಳೀತದ.

ಗೋದಾವರಿ


ಆಪಿಯಾ
೫ ಆಗಸ್ಟ್ ೧೯೫೬

ಗೋದಾ,

ಕೇಳಿದೆ. ಧೈರ್ಯ ಬರಲಿಕ್ಕೆ ಒಂದು ತಿಂಗಳು ಬೇಕಾತು.

ಅಜ್ಜಿ ಚಾಪಿ ಹೆಣೀಲಿಕತ್ತಿದ್ದಳು, ಲೂಪೆ ಬಾಜೂ ಕೂತಿದ್ದಳು. ಅವರ ಮಾತಿನಾಗೇ ಹೇಳಿದೆ. ದೂರ ಒಂದು ಊರದ, ಅಲ್ಲಿ ನಿನ್ನ ಸೋದರತ್ತಿ ಅದಾಳ, ಟೀಚರ್ ಅದಾಳ, ಹೋಗೋಣೇನು ಅಂದೆ. ಅಜ್ಜಿ ಬರ್ತಾಳೇನು ಅಂದಳು. ಇಲ್ಲ ಅಂದೆ. ಅಲ್ಲಿ ಸಮುದ್ರ ಅದೇನು ಅಂದಳು. ಇಲ್ಲ, ಕಲ್ಲು ಅದ, ಮನಿ ಎಲ್ಲಾ ಕಲ್ಲಿನವು ಅಂದೆ. ಆಮ್ಯಾಲ ನನ್ನ ಮಾರಿ ನೋಡಿ ಅಂದಳು, "ನೀ ಹೋಗಿ ಬಾ ಅಪ್ಪಾ. ನಾ ಇಲ್ಲೇ ಕಾಯ್ತೀನಿ."

ಒಬ್ಬಾಕಿನ್ನ ಹಂಗ ಕಾಯಿಸಿ ನೋಡೀನಿ. ಇನ್ನೊಬ್ಬಾಕಿನ್ನ ಕಾಯಿಸೋದು ನನ್ನಿಂದ ಆಗೋದಿಲ್ಲ. ನಾ ಇಲ್ಲೇ ಇರ್ತೀನಿ. ಬರ್ತೀನಂತ ಇನ್ನ ಮ್ಯಾಲ ಬರೆಯೋದಿಲ್ಲ, ನೀನೂ ನಂಬಬ್ಯಾಡ.

ಲೂಪೆ ನಿನ್ನ ಹೆಸರು ಕೇಳಿ ಗೋ-ತಾ-ವ-ಲಿ ಅಂತಾಳ. ಇಲ್ಲಿಯವರ ನಾಲಿಗಿಗೆ ದ, ರ ಎರಡೂ ಹೊಳ್ಳೋದಿಲ್ಲ.

ಪ್ರಾಣೇಶ


ಸೇಡಮ್, ಮೈಸೂರು ರಾಜ್ಯ
೩ ನವೆಂಬರ್ ೧೯೫೬

ಅಣ್ಣಗ ನಮಸ್ಕಾರಗಳು. ಲೂಪೆಗೆ ಅತ್ತಿಯ ಆಶೀರ್ವಾದ.

ಮೊನ್ನೆಯಿಂದ ನಮ್ಮ ವಿಳಾಸ ಬದಲಾತು. ಹೈದರಾಬಾದು ರಾಜ್ಯ ಇಲ್ಲ. ಶಾಲಿಯಾಗ ಝೇಂಡಾ ಏರಿಸಿ ಮಕ್ಕಳಿಗೆ ಪೇಢೆ ಹಂಚಿದಿವಿ. ಶಹರಬಾನು ಆಪಾನ ನೌಕರಿ ಹೋದ ತಿಂಗಳು ಮುಗೀತು, ಆದ್ರೂ ಬಂದು ಮುಂದಿನ ಸಾಲಿನಾಗ ಕೂತಿದ್ರು. ಮುಂದಿನ ವಾರ ಹೈದರಾಬಾದಿಗೆ ಮಗನ ಮನಿಗೆ ಹೋಗ್ತಾರ. ಆಮ್ಯಾಲ ಸಂಜಿಮುಂದ ನನ್ನ ಮನಿಗೆ ಬರೋರು ಯಾರೂ ಇರೋದಿಲ್ಲ.

ನೀ ಅಲ್ಲೇ ಇರೋದು ಸರಿ. ನಾ ಅದನ್ನೇ ಹೇಳಿದ್ದೆ. ಹೇಳಿದ್ದು ಖರೆ, ಆದ್ರ ಇನ್ನೊಂದು ಮುಚ್ಚಿಟ್ಟಿದ್ದೆ, ಈಗ ಬರೀತೀನಿ. ಮಾರ್ಚಿನಾಗ ನಿನಗ ಆ ಪತ್ರ ಹಾಕಿ, ಟಪಾಲಿನಿಂದ ಮನಿಗೆ ಬರೋ ಹಾದಿಯೊಳಗೇ ಲೂಪೆಗೆ ಇಳಕಲ್ಲ ಖಣದ್ದು ಒಂದು ಪರಕರಕ್ಕ, ಉದ್ದನ ಲಂಗಕ್ಕ, ಬಟ್ಟಿ ತಗೊಂಡೆ. ಕೂಸಿನ ಅಳತಿ ಗೊತ್ತಿರಲಿಲ್ಲ. ಮೊದಲ್ನೇ ತರಗತಿಯಾಗ ಪೀರಮ್ಮ ಅಂತ ಒಂದು ಹುಡುಗಿ ಅದ. ಅದನ್ನ ನಿಲ್ಲಿಸಿ, ನಿನ್ನ ವಯಸ್ಸಿನಾಕಿ ಒಬ್ಬಾಕಿ ಬರೋದಿದ್ದಾಳ ಅಂತ ಹೇಳಿ ಅಳತಿ ತಗೊಂಡು ಕೈಲೇ ಹೊಲಿದೆ. ಏಳು ತಿಂಗಳು ಗೂಟಕ್ಕ ತೂಗು ಹಾಕಿದ್ದೆ. ಪೀರಮ್ಮ ದಿನಾ, ಬಂದಳೇನ್ರಿ ಬಾಯಿಯೋರೆ ಅಂತ ಕೇಳ್ತಿತ್ತು. ಬರೋದಿಲ್ಲಂತ ಹೋದ ವಾರ ಹೇಳಿದೆ.

ಅದನ್ನ ಪಾರ್ಸಲ್ ಮಾಡಿ ಕಳಿಸೀನಿ. ಮುಟ್ಟೋದರೊಳಗ ಕೂಸು ಇನ್ನೂ ಬೆಳೆದಿರ್ತಾಳ. ಹಾಕಿ ನೋಡಿ ಬರಿ. ಸಣ್ಣ ಆಗಿದ್ರ, ಸಣ್ಣ ಆಗ್ಯಾದಂತನೇ ಬರಿ.

ಗೋದಾವರಿ